ಮೂತ್ರಪಿಂಡ ಸೋತ ನಾಯಿಯ ಆರೈಕೆ

ಪ್ರಶ್ನೆ: ನಮ್ಮ 12 ವರ್ಷದ ನಾಯಿಗೆ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆಯಿದೆ ಎಂದು ವೈದ್ಯರು ಹೇಳಿದಂದಿನಿಂದ, ಮೊದಲೇ ಗಮನಿಸಲಿಲ್ಲವಲ್ಲ ಎಂದು ಅಮ್ಮ ಕೊರಗುತ್ತಿದ್ದಾರೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೂತ್ರಪಿಂಡದ ಶಕ್ತಿ ಸುಮಾರು ಮುಕ್ಕಾಲು ಪಾಲು ಕುಂದುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ) ಸಾಮಾನ್ಯವಾಗಿ ಏರುವುದಿಲ್ಲವಾದ್ದರಿಂದ, ಈ ಕಾಯಿಲೆ ಎಚ್ಚರದಿಂದಿರುವವರ ಕಣ್ಣನ್ನೂ ತಪ್ಪಿಸುತ್ತದೆ ಎಂಬುದನ್ನು ತಾಯಿಯವರಿಗೆ ತಿಳಿಸಿ ಹೇಳಿ. ಇದು ವಾಸಿಯಾಗದು, ಆದರೆ ರಂಜಕ (ಫಾಸ್ಫರಸ್) ಕಡಿಮೆಯಿರುವ ಆಹಾರ, ಸದಾ ಬಾಯಿಗೆಟುಕುವ ನೀರು, ವೈದ್ಯರು ಕಲಿಸಿಕೊಟ್ಟರೆ ಹೆಗಲ ಮೇಲಿನ ಸಡಿಲ ಚರ್ಮವನ್ನೆತ್ತಿ ಅದರಡಿಗೆ ಮನೆಯಲ್ಲೇ ಕೊಡುವ ಸಲೈನ್, ಇವುಗಳಿಂದ ಎಷ್ಟೋ ನಾಯಿಗಳು ತಿಂಗಳುಗಟ್ಟಲೆ ನೆಮ್ಮದಿಯಾಗಿರುತ್ತವೆ. ಆ ಕೆಲಸವನ್ನು ಅಮ್ಮನಿಗೇ ವಹಿಸಿ. ಕೊರಗುವವರಿಗೆ ಸಮಾಧಾನದ ಮಾತಿಗಿಂತ ಕೈತುಂಬ ಕೆಲಸವೇ ಹಿತವೆಂದು ನನಗನ್ನಿಸುತ್ತದೆ. ನೋವೆಂದು ಐಬುಪ್ರೊಫೆನ್ ಮಾತ್ರೆಯನ್ನು ಎಂದಿಗೂ ಕೊಡಬೇಡಿ. ಮುಂದೆ ನಾಯಿ ನೀರನ್ನೂ ಮುಟ್ಟದೆ ನರಳತೊಡಗಿದರೆ ದಯಾಮರಣದ ಯೋಚನೆ ಬಂದೀತು; ಆ ಮಾತನ್ನು ಈಗಲೇ, ಅಮ್ಮನ ಎದುರಿನಲ್ಲೇ, ವೈದ್ಯರೊಡನೆ ಆಡಿಡಿ.