ವೇಟ್ ಹಾಕಿದರೂ ಸ್ಕ್ರಿಪ್ಟ್ ಕಾಯುತ್ತಿಲ್ಲ, ಯಾಕೆ?

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ಫೋಟೋಗಳ ಸೈಜ್ ಕಡಿಮೆ ಮಾಡಲು ಲಿನಕ್ಸ್‌ನಲ್ಲಿ ಒಂದು ಬ್ಯಾಶ್ ಸ್ಕ್ರಿಪ್ಟ್ ಬರೆದಿದ್ದೇನೆ. ಫೈಲ್ ಹೆಸರುಗಳ ಪಟ್ಟಿಯನ್ನು ಕ್ಯಾಟ್ ಕಮಾಂಡಿನಿಂದ ಓದಿ, ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ | ಗುರುತು) ಹಾಕಿ ವೈಲ್ ಲೂಪಿಗೆ ಕೊಡುತ್ತೇನೆ. ಒಳಗೆ ಪ್ರತಿ ಕಮಾಂಡಿನ ಕೊನೆಗೆ ಆಂಪರ್‌ಸ್ಯಾಂಡ್ (&, ಕಮಾಂಡ್ ಹಿನ್ನೆಲೆಯಲ್ಲಿ ಓಡಲಿ ಅಂತ), ಲೂಪ್ ಮುಗಿದ ಮೇಲೆ ವೇಟ್ (ಹಿನ್ನೆಲೆಯ ಕೆಲಸ ಮುಗಿಯಲಿ ಅಂತ), ಆಮೇಲೆ ಜಿಪ್. ಆದರೆ ಜಿಪ್ ಬಿಚ್ಚಿ ನೋಡಿದರೆ ಎಷ್ಟೋ ಫೋಟೋ ಇರುವುದೇ ಇಲ್ಲ. ಸ್ಲೀಪ್ 30 ಹಾಕಿದೆ, ಒಂದೊಂದು ಸಲ ಸರಿಹೋಗುತ್ತದೆ. ಕಂಪ್ಯೂಟರ್ ಬೇರೆ ಹ್ಯಾಂಗ್ ಆಗುತ್ತದೆ.

ಉತ್ತರ: ಮೊದಲು ಆ ಸ್ಲೀಪ್ ತೆಗೆದುಬಿಡಿ. 30 ಸೆಕೆಂಡ್ ಸಾಕೋ ಬೇಡವೋ ಅನ್ನುವುದು ಆವತ್ತಿನ ಫೋಟೋಗಳ ಮೇಲೆ ಹೋಗುತ್ತದೆ, ಅದನ್ನು ನಂಬಿ ಗಿರಾಕಿಗೆ ಕೊಡುವುದು ಸರಿಯಲ್ಲ.

ತಪ್ಪು ಇರುವುದು ಪೈಪ್‌ನಲ್ಲಿ. ಪೈಪ್‌ನ ಆಚೆ ಕಡೆ ಇರುವ ಲೂಪನ್ನು ಬ್ಯಾಶ್ ತಾನೇ ಓಡಿಸುವುದಿಲ್ಲ, ಅದಕ್ಕೆಂದೇ ಇನ್ನೊಂದು ಶೆಲ್ (ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಹುಟ್ಟಿಸುತ್ತದೆ, ಸಬ್‌ಶೆಲ್ ಅಂತಾರಲ್ಲ ಅದು. ಅಡಿಕೆ ಸುಲಿಯಲು ನೀವು ಒಬ್ಬ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿರಿ ಅಂದುಕೊಳ್ಳಿ. ಜನ ಅವನು ಕರೆತಂದವರು. ಅವನು ಎಲ್ಲರನ್ನೂ ಕೂರಿಸಿ, ತಲಾ ಒಂದು ಬುಟ್ಟಿ ಕೊಟ್ಟು ಮನೆಗೆ ಹೋದ. ನಿಮ್ಮ ಲೆಕ್ಕದಲ್ಲಿ ಇದ್ದವನು ಮೇಸ್ತ್ರಿ ಒಬ್ಬನೇ, ಅವನು ಹೋದನಲ್ಲ ಅಂತ ನೀವು ಒಲೆ ಹಚ್ಚಿ ಹಂಡೆ ಇಟ್ಟಿರಿ, ಅತ್ತ ಚಪ್ಪರದ ಕೆಳಗೆ ಮೆಟ್ಟುಗತ್ತಿ ಇನ್ನೂ ಓಡುತ್ತಲೇ ಇದೆ. ನಿಮ್ಮ ವೇಟ್‌ಗೂ ಇದೇ ಆಗಿರುವುದು. ವೇಟ್ ನಿಮ್ಮ ಶೆಲ್ ತಾನೇ ಹುಟ್ಟಿಸಿದ ಕೆಲಸಗಳಿಗೆ, ಅಂದರೆ ಅದರ ಮಕ್ಕಳಿಗೆ ಮಾತ್ರ ಕಾಯುತ್ತದೆ, ಮೊಮ್ಮಕ್ಕಳಿಗೆ ಕಾಯುವುದಿಲ್ಲ.

ಕಣ್ಣಾರೆ ನೋಡಬೇಕಾ? ಲೂಪಿನ ಒಳಗೊಂದು, ಹೊರಗೊಂದು ಎಕೋ ಹಾಕಿ, ಮೊದಲು ಡಾಲರ್ ಗುರುತು, ಅದಕ್ಕೆ ಅಂಟಿಕೊಂಡಂತೆ ಬ್ಯಾಶ್‌ಪಿಐಡಿ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ. ಎರಡು ಬೇರೆ ಬೇರೆ ನಂಬರ್ ಬರುತ್ತವೆ. ಡಬಲ್ ಡಾಲರ್ ಹಾಕಬೇಡಿ, ಅದು ಸಬ್‌ಶೆಲ್‌ನಲ್ಲೂ ಹಳೇ ಶೆಲ್‌ನ ನಂಬರನ್ನೇ ತೋರಿಸುತ್ತದೆ, ಎಷ್ಟೋ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಪರಿಹಾರ ಒಂದೇ ಸಾಲು. ಕ್ಯಾಟ್, ಪೈಪ್ ಎರಡನ್ನೂ ತೆಗೆದು, ಲೂಪಿನ ಕೊನೆಯ ಡನ್ ಆದ ಮೇಲೆ ಲೆಸ್‌ದ್ಯಾನ್ ಗುರುತು ಹಾಕಿ ಪಟ್ಟಿಯ ಫೈಲ್ ಹೆಸರು ಕೊಡಿ. ಈಗ ಎಲ್ಲ ನಿಮ್ಮ ಶೆಲ್‌ನ ಮಕ್ಕಳೇ.

ಹ್ಯಾಂಗ್ ಆಗುವುದಕ್ಕೆ ಕಾರಣ ಬೇರೆ. 400 ಫೋಟೋ ಇದ್ದರೆ 400 ಪ್ರೋಸೆಸ್ ಒಟ್ಟಿಗೆ ಏಳುತ್ತವೆ, ರ‍್ಯಾಮ್ ಎಲ್ಲಿ ಸಾಲಬೇಕು? ನನಗೆ ಕೇಳಿದರೆ ಲೂಪನ್ನೇ ಬಿಟ್ಟು ಎಕ್ಸ್‌ಆರ್ಗ್ಸ್ (ಪಟ್ಟಿಯ ಹೆಸರುಗಳನ್ನು ಒಂದು ಕಮಾಂಡಿಗೆ ಕೊಟ್ಟು ಓಡಿಸುವ ಕಮಾಂಡ್) ಬಳಸಿ ಅನ್ನುತ್ತೇನೆ. ಒಂದು ಫೋಟೋದ ಕೆಲಸವನ್ನು ಬೇರೆ ಪುಟ್ಟ ಸ್ಕ್ರಿಪ್ಟ್ ಮಾಡಿ, ಅದನ್ನು ಎಕ್ಸ್‌ಆರ್ಗ್ಸ್‌ಗೆ ಕೊಟ್ಟು, ಮೈನಸ್ ಎನ್ 1, ಮೈನಸ್ ದೊಡ್ಡ ಪಿ 4 ಅಂತ ಹಾಕಿದರೆ ಒಂದು ಸಲಕ್ಕೆ ನಾಲ್ಕೇ ಓಡುತ್ತವೆ, ಒಂದು ಮುಗಿದರೆ ಇನ್ನೊಂದು ಬರುತ್ತದೆ. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್ ಇದೆ ಅಂತ ಎನ್‌ಪ್ರಾಕ್ ಕಮಾಂಡ್ ಹೇಳುತ್ತದೆ, ಆ 4ನ್ನು ಅದಕ್ಕೆ ತಕ್ಕಂತೆ ಬದಲಿಸಿ. ಫೈಲ್ ಹೆಸರಲ್ಲಿ ಸ್ಪೇಸ್ ಇದ್ದರೆ ಮೈನಸ್ ಡಿ ಕೊಟ್ಟು, ಸಾಲಿಗೊಂದು ಹೆಸರು ಅಂತ ತಿಳಿಸಿ. ಆ ಪುಟ್ಟ ಸ್ಕ್ರಿಪ್ಟಿನೊಳಗೆ ಮಾತ್ರ ಆಂಪರ್‌ಸ್ಯಾಂಡ್ ಬೇಡ, ಮತ್ತೆ ಮೇಸ್ತ್ರಿ ಕಥೆಯೇ ಆಗುತ್ತದೆ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಸುಮ್ನೆ ವೇಟ್ ಅಂತಷ್ಟೇ ಬರೆದರೆ ಒಳಗೆ ಹತ್ತು ಕೆಲಸ ಕೆಟ್ಟಿದ್ದರೂ ಅದು 0 ಅನ್ನುತ್ತದೆ, ಅಂದರೆ ಎಲ್ಲ ಸರಿ ಅಂತ. ತಪ್ಪಾದರೆ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್ ಮೈನಸ್ ಇ ಕೂಡ ಇದನ್ನು ಹಿಡಿಯುವುದಿಲ್ಲ. ಡಿಸ್ಕ್ ತುಂಬಿ ಅರ್ಧಂಬರ್ಧ ಆದ ಫೈಲ್‌ಗಳನ್ನು ನಾನು ಒಮ್ಮೆ ಹೀಗೇ ಕಳಿಸಿಬಿಟ್ಟಿದ್ದೆ. ಎಕ್ಸ್‌ಆರ್ಗ್ಸ್ ಆದರೆ ಒಂದು ಕೆಟ್ಟರೂ ಸಾಮಾನ್ಯವಾಗಿ 123 ಕೊಡುತ್ತದೆ. 0 ಬಂದರೆ ಮಾತ್ರ ಜಿಪ್ ಮಾಡಿ.

ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಪ್ರತಿ ಫೋಟೋವನ್ನು ಮೊದಲು ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಲ್ಲಿ ಉಳಿಸಿ, ಪೂರ್ತಿಯಾದ ಮೇಲೆ ಸಿಂಕ್ ಕಮಾಂಡಿನಿಂದ ಅದನ್ನು ಡಿಸ್ಕ್‌ಗೆ ಬರೆಸಿ, ಆಮೇಲೆ ಎಂವಿ ಕಮಾಂಡಿನಿಂದ ಸರಿಯಾದ ಹೆಸರು ಕೊಡಿ. ಕರೆಂಟ್ ಹೋಗಿ ಬಂದ ಮೇಲೆ ಸರಿಯಾದ ಹೆಸರಿನವನ್ನು ಬಿಟ್ಟು ಉಳಿದವನ್ನು ಓಡಿಸಿದರೆ ಆಯಿತು.