25ನೇ ವಯಸ್ಸಿಗೆ ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ ತಗೊಂಡು ಸ್ಟೇಜ್ 1 ಮಾಡಿಸಬಹುದಾ?

ಬೆಂಗಳೂರಲ್ಲಿ ಕೆಲಸ, ಇನ್ನೂ ಮದುವೆ ಆಗಿಲ್ಲ, 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದು ಕಣ್ಣಿಗೆ ಬಿದ್ದಿದೆ, ತಗೊಂಡ ವಾರವೇ ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಮುಟ್ಟದೆ ಎಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಾಯಿಸೋದು) ಮಾಡಿಸಿದರೆ 300 ಹಾರ್ಸ್‌ಪವರ್ ಹತ್ತಿರ ಹೋಗುತ್ತಂತೆ, ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಅದೇ ಮಾಡೆಲ್ ಗಾಡಿಯನ್ನ 26ನೇ ವಯಸ್ಸಲ್ಲಿ ತಗೊಂಡವನು, ಈಗಲೂ ಇದೆ. ಗಾಡಿ ತಗೊಳ್ಳಿ. ರೀಮ್ಯಾಪ್ ಮಾತ್ರ ಒಂದು ವರ್ಷ ಬೇಡ. ಯಾಕೆ ಅಂತ ಹೇಳೋಕೆ ನನ್ನ ದಡ್ಡತನಗಳನ್ನೇ ಹೇಳಬೇಕಾಗುತ್ತೆ.

ಮೊದಲು ಈ ಗಾಡಿ ಏನು ಅಂತ. 2017ರಲ್ಲಿ ಇಲ್ಲಿಗೆ ಬಂದ ಆರ್‌ಎಸ್ 230ರಲ್ಲಿ ಇರೋದು 1984 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್, 350 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ನಿಂತಲ್ಲಿಂದ ನೂರಕ್ಕೆ 6.8 ಸೆಕೆಂಡ್. ಹಿಂದೆ 590 ಲೀಟರಿನ ಡಿಕ್ಕಿ. ಆಮೇಲೆ 2020ರಲ್ಲಿ ಬಂದ ಆರ್‌ಎಸ್ 245 ದೇಶಕ್ಕೆಲ್ಲ 200 ಮಾತ್ರ, ಷೋರೂಂ ಬೆಲೆಯೇ 36 ಲಕ್ಷ ಇತ್ತು, ಅದರ ಆಸೆ ಬಿಡಿ. ನಂದನ್ನ ಊರಿಗೆ ಮೊದಲ ಸಲ ತಗೊಂಡು ಹೋದಾಗ ಅಪ್ಪ ಸುತ್ತ ಒಂದು ರೌಂಡ್ ಹಾಕಿ, "ಇದಕ್ಕೆ ಇಪ್ಪತ್ತೆರಡು ಲಕ್ಷಾನಾ? ಟ್ಯಾಕ್ಸಿ ಥರ ಇದೆಯಲ್ಲೋ" ಅಂದಿದ್ರು. ವಾಪಸ್ ಬರುವಾಗ ಮೂರು ಚೀಲ ತೆಂಗಿನಕಾಯಿ ಹಾಕಿಸಿದರು, ಡಿಕ್ಕೀಲಿ ಇನ್ನೂ ಜಾಗ ಇತ್ತು. ನೋಡೋಕೆ ಸಂಸಾರಸ್ಥ, ಒತ್ತಿದರೆ ಭೂತ. ನನಗೆ ಇಷ್ಟವಾಗಿದ್ದೇ ಅದು.

ಆದರೆ 26ರಲ್ಲಿ ಅಷ್ಟು ಸಾಕಾಗಲ್ಲ, ಎಲ್ಲರೂ ತಿರುಗಿ ನೋಡಬೇಕು. ಹಾಗಾಗಿ ನಾನು ಮೊದಲು ಮಾಡಿಸಿದ್ದು ಲೋಯರಿಂಗ್ ಸ್ಪ್ರಿಂಗ್, ಗಾಡಿಯನ್ನ ನೆಲಕ್ಕೆ ಹತ್ತಿರ ಇಳಿಸೋ ಗಿಡ್ಡ ಸ್ಪ್ರಿಂಗ್. ಫೋಟೋದಲ್ಲಿ ಚೆನ್ನಾಗಿತ್ತು. ನಮ್ಮ ಏರಿಯಾದಲ್ಲಿ ಹಂಪ್‌ಗಳನ್ನ ಯಾವ ಅಳತೆ ಇಟ್ಕೊಂಡು ಹಾಕ್ತಾರೋ ದೇವರಿಗೇ ಗೊತ್ತು. ಮನೆಯಿಂದ ಮೇನ್ ರೋಡಿಗೆ ಹೋಗೋಷ್ಟರಲ್ಲಿ ನಾಲ್ಕು ಹಂಪ್, ನಾಲ್ಕರಲ್ಲೂ ಹೊಟ್ಟೆ ಉಜ್ಜುತ್ತಿತ್ತು. ಹಿಂದೆ ಅಮ್ಮ, ಅತ್ತೆ ಕೂತರೆ ಮುಗೀತು, ಹಂಪ್ ಬಂದಾಗಲೆಲ್ಲ ಅವರನ್ನ ಇಳಿಸಿ ದಾಟಿಸಬೇಕು. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯೊಂದಕ್ಕೆ ಇಳಿದು ಎಡಗಡೆ ಟೈರಿನ ಸೈಡ್‌ವಾಲ್ ಬೋಂಡದ ಹಾಗೆ ಉಬ್ಬಿತು. ಎಂಟು ತಿಂಗಳಿಗೆ ಹಳೆ ಸ್ಪ್ರಿಂಗೇ ವಾಪಸ್. ಹಾಕಿಸೋಕೊಂದು, ಬಿಚ್ಚಿಸೋಕೊಂದು, ಎರಡು ಸಲ ಅಲೈನ್‌ಮೆಂಟ್. ಆ ದುಡ್ಡಲ್ಲಿ ಒಂದು ಸೆಟ್ ಒಳ್ಳೆ ಟೈರ್ ಬರ್ತಿತ್ತು ಅನ್ನೋದೇ ಹೊಟ್ಟೆ ಉರಿ.

ಟೈರ್ ಯಾಕೆ ಮುಖ್ಯ ಅಂತ ಅರ್ಥ ಆಗಿದ್ದು ಚಾರ್ಮಾಡಿಯಲ್ಲಿ. ಆರ್‌ಎಸ್‌ನ ಶಕ್ತಿಯೆಲ್ಲ ಹೋಗೋದು ಮುಂದಿನ ಎರಡು ಚಕ್ರಕ್ಕೆ. ತಿರುಗಿಸೋದೂ ಅವೇ, ಎಳೆಯೋದೂ ಅವೇ. ಜುಲೈ ಮಳೆಯಲ್ಲಿ ಹೇರ್‌ಪಿನ್ ತಿರುವಿಂದ ಹೊರಗೆ ಬರ್ತಾ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದೆ. ಸ್ಟೀರಿಂಗ್ ಕೈಯಲ್ಲಿ ಎಳೆದಾಡಿತು, ಮೂತಿ ನೇರ ತಡೆಗೋಡೆ ಕಡೆ ಹೊರಟಿತು. ಕಾಲು ತೆಗೆದೆ, ಎಲೆಕ್ಟ್ರಾನಿಕ್ಸ್ ಹಿಡಿದುಕೊಂಡಿತು, ಉಳಿದೆ. ಟೈರ್ ಸವೆದಿತ್ತು, ನಾನು ನೋಡಿರಲಿಲ್ಲ. ಇನ್ನೂ 70 ಹಾರ್ಸ್‌ಪವರ್ ಸೇರಿಸಿದ್ದರೆ ಅವತ್ತು ಏನಾಗ್ತಿತ್ತು ಅಂತ ನೀವೇ ಊಹಿಸಿ.

ಆಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿದ್ದು. 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್, ದುಡ್ಡು ಕಟ್ಟಿದರೆ ಟ್ರ್ಯಾಕ್ ಡೇಗಳಲ್ಲಿ ನಮ್ಮ ಗಾಡಿಯನ್ನೇ ಓಡಿಸಬಹುದು. ಮೊದಲ ಮೂರು ಲ್ಯಾಪ್ ನಾನೇ ಚಾಂಪಿಯನ್. ಐದನೇ ಲ್ಯಾಪಿಗೆ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಜೀವ ಬಾಯಿಗೆ ಬಂತು. ಕಾರಣ ಸರಳ: ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹಿಡಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತೆ. ನನ್ನ ಗಾಡೀಲಿದ್ದ ಆಯಿಲ್ ಮೂರು ವರ್ಷ ಹಳೇದು. ಕುದಿದು ಗುಳ್ಳೆ ಬಂತು, ನಾನು ಒತ್ತುತ್ತಿದ್ದದ್ದು ಗುಳ್ಳೆಯನ್ನ. ಪಿಟ್‌ನಲ್ಲಿದ್ದ ಹಿರಿಯರೊಬ್ಬರು, ಹಳೆ ಮಾರುತಿ ಎಸ್ಟೀಮ್ ತಂದಿದ್ದವರು, "ತಮ್ಮಾ, ನಿಲ್ಲಿಸೋದು ಕಲ್ತಮೇಲೆ ಓಡ್ಸು" ಅಂದರು. ಅವರ ಎಸ್ಟೀಮ್ ಆ ದಿನ ನನ್ನ ಮುಂದೆಯೇ ಇತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ಮುಂದಿನ ಸಲ ಹೊಸ ಆಯಿಲ್, ಒಳ್ಳೆ ಪ್ಯಾಡ್, ಒಳ್ಳೆ ಟೈರ್ ಹಾಕ್ಕೊಂಡು ಹೋದೆ. ಎಂಜಿನ್ ಮುಟ್ಟಿರಲಿಲ್ಲ. ಗಾಡಿ ಬೇರೆಯದೇ ಆಗಿತ್ತು.

ಈಗ ರೀಮ್ಯಾಪ್. ಅದರಲ್ಲಿ ಮಾಯೆ ಏನಿಲ್ಲ, ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್ ಒಳಗಿನ ಲೆಕ್ಕ ಬದಲಾಯಿಸಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೊಗೆ ಜಾಸ್ತಿ ಬೂಸ್ಟ್ (ಒತ್ತಡ) ಕೊಡೋಕೆ ಹೇಳೋದು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಶಕ್ತಿ ಕಳಕೊಳ್ಳುತ್ತೆ, ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಅದನ್ನ ತುಂಬಿಕೊಳ್ಳುತ್ತೆ. ಅಂದರೆ ನಿಮ್ಮ ಟರ್ಬೊ ಇಲ್ಲಿ ಆಗಲೇ ಓವರ್‌ಟೈಮ್ ಮಾಡ್ತಿದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಮುಕ್ಕಾಲು ಗಂಟೆ ನಿಂತು, ಟರ್ಬೊ ಗಾಳಿಯನ್ನ ತಣ್ಣಗಾಗಿಸೋ ಇಂಟರ್‌ಕೂಲರೇ ಕಾದ ಮೇಲೆ ಆ 300ರಲ್ಲಿ ಎಷ್ಟು ಸಿಗುತ್ತೆ ಅಂತ ಕೇಳಬೇಡಿ. ಹೆಚ್ಚು ಆಕ್ಟೇನ್ (ಒತ್ತಡಕ್ಕೆ ತಾನಾಗೇ ಬೇಗ ಹೊತ್ತಿಕೊಳ್ಳದ) ಪೆಟ್ರೋಲಿಗೆ ಬರೆದ ಮ್ಯಾಪ್ ಆದರೆ 100 ಆಕ್ಟೇನ್‌ನ ಎಕ್ಸ್‌ಪಿ100 ಥರದ್ದು ಬೇಕು, ಲೀಟರಿಗೆ 160 ರೂಪಾಯಿ ಆಚೀಚೆ, ಚಿಕ್ಕ ಊರಿನ ಬಂಕಲ್ಲಿ ಸಿಗಲ್ಲ. ಮಾಮೂಲಿ ಪೆಟ್ರೋಲ್ ಹಾಕಿದರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಹೊತ್ತಿಕೊಳ್ಳೋದು) ತಪ್ಪಿಸೋಕೆ ಇಸಿಯು ತಾನೇ ಕಿಡಿ ಹೊತ್ತಿಸೋ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ನೀವು ಕೊಟ್ಟ ದುಡ್ಡಿನ ಅರ್ಧ ಅಲ್ಲೇ ಹೋಯ್ತು. ಗೇರ್‌ಬಾಕ್ಸಿನ ಲೆಕ್ಕ 350 ನ್ಯೂಟನ್ ಮೀಟರಿಗೆ; 400 ದಾಟಿಸಿದರೆ ಕ್ಲಚ್ ಪ್ಯಾಕ್ ಬೇಗ ಸವೆಯೋ ರಿಸ್ಕ್ ನಿಮ್ಮದೇ. ಮಾಡಿಸಿದವರು ಸಾಕಷ್ಟು ಜನ ಆರಾಮಾಗಿ ಓಡಿಸ್ತಿದ್ದಾರೆ, ಅದೂ ನಿಜ. ಮೂರನೇ ವರ್ಷ ನಾನೂ ಮಾಡಿಸಿದೆ, ಸುಳ್ಳು ಹೇಳಲ್ಲ. ಹೈವೇಲಿ ಮಜಾ ಇದೆ. ಆದರೆ ಟೈರ್, ಬ್ರೇಕ್ ಬದಲಾಯಿಸಿದಾಗ ಆದಷ್ಟು ಖುಷಿ ಆಗಲಿಲ್ಲ. ಅಧಿಕೃತ ಸರ್ವಿಸ್‌ನಲ್ಲಿ ಗಾಡಿ ಸ್ಕ್ಯಾನ್ ಮಾಡಿದಾಗ ಸಾಫ್ಟ್‌ವೇರ್ ಒರಿಜಿನಲ್ ಅಲ್ಲ ಅಂತ ಗೊತ್ತಾದರೆ ಟಿಡಿ1 ಅನ್ನೋ ಗುರುತು ಬೀಳುತ್ತೆ, ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಎಂಜಿನ್ ಕ್ಲೇಮ್ ಮರೆತುಬಿಡಿ.

ಕಾನೂನು ಬಗ್ಗೆ ಯಾರೂ ಮಾತಾಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಈಗ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬರೀ ಕೊಳವೆ (ಡೌನ್‌ಪೈಪ್) ಹಾಕಿಸೋದನ್ನಂತೂ ಮಾಡಲೇಬೇಡಿ. ಸದ್ದಿಗೆ ಪೊಲೀಸರಿಗಿಂತ ಮುಂಚೆ ಪಕ್ಕದ ಮನೆ ಆಂಟಿ ಬರ್ತಾರೆ. ಇನ್ಶೂರೆನ್ಸಿಗೆ ಹೇಳದೆ ಮಾಡಿಸಿದರೆ ಆಕ್ಸಿಡೆಂಟ್ ಆದ ದಿನ ಕ್ಲೇಮ್ ತಿರಸ್ಕರಿಸೋಕೆ ನೀವೇ ಕಾರಣ ಕೊಟ್ಟ ಹಾಗೆ.

ದುಡ್ಡಿನ ವಿಷಯ: ಇಎಂಐ ಕಟ್ಟಿ ಕೈ ಖಾಲಿ ಆಗುತ್ತೆ ಅನ್ನೋ ಹಾಗಿದ್ದರೆ ತಗೋಬೇಡಿ. ಗಾಡಿ ಬೆಲೆ ಬಿಟ್ಟು ಎರಡು ಲಕ್ಷ ಪಕ್ಕಕ್ಕಿಡಿ, ಮೊದಲ ವರ್ಷದಲ್ಲೇ ಬೇಕಾಗುತ್ತೆ.

ನೋಡೋಕೆ ಹೋಗುವಾಗ ಡಿಎಸ್‌ಜಿ ಆಯಿಲ್ 60,000 ಕಿಲೋಮೀಟರಿಗೆ ಬದಲಾಯಿಸಿದ ಬಿಲ್ ಕೇಳಿ, ಬಾಯಿಮಾತು ನಂಬಬೇಡಿ. ಈ ಎಂಜಿನ್ ಕುಟುಂಬದಲ್ಲಿ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಕೂಲೆಂಟ್ ಸೋರಿದ ಕಲೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಬೇಕು. ಹಳೆ ಓನರ್ ರೀಮ್ಯಾಪ್ ಮಾಡಿಸಿ ಮಾರೋ ಮುಂಚೆ ತೆಗೆಸಿರಬಹುದು, ಸ್ಕ್ಯಾನ್ ಮಾಡಿಸಿ. ಬೆಳಿಗ್ಗೆ ಏಳಕ್ಕೇ ಹೋಗಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮ್ಮ ಮುಂದೆ ಕೋಲ್ಡ್ ಸ್ಟಾರ್ಟ್ (ತಣ್ಣಗಿರೋ ಎಂಜಿನ್ ಸ್ಟಾರ್ಟ್) ಆಗಬಾರದು ಅಂತ ಯಾರೋ ಮೊದಲೇ ಓಡಿಸಿಟ್ಟಿದ್ದಾರೆ. ನಾಳೆ ಬರ್ತೀನಿ ಅಂತ ಹೇಳಿ ಬನ್ನಿ.