ಹೊಸ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಗೇಮ್ ಯಾಕೆ ಇಷ್ಟು ತಡವರಿಸುತ್ತದೆ?

ನಿಮ್ಮದು ಬಹುಶಃ ನಿಧಾನದ ಡಿಡಿಆರ್4 ಮೆಮೊರಿಯ 1030. ಎನ್‌ವಿಡಿಯಾ 2017ರಲ್ಲಿ ತಂದ 1030ರಲ್ಲಿ ವೇಗದ ಜಿಡಿಡಿಆರ್5 ಮೆಮೊರಿ ಇತ್ತು. 2018ರಲ್ಲಿ ಅದೇ ಹೆಸರಲ್ಲಿ ಡಿಡಿಆರ್4ನದ್ದೂ ಬಂತು. ಹೆಸರು ಬದಲಿಸದೆ ಮಾರಿದ್ದು ನನಗಂತೂ ಸರಿ ಕಾಣುವುದಿಲ್ಲ.

ಎರಡರಲ್ಲೂ 2 ಜಿಬಿ ಮೆಮೊರಿ, ಚಿಪ್‌ನಲ್ಲಿ ಲೆಕ್ಕ ಮಾಡುವ 384 ಕೋರ್. ಆದರೆ ಮೆಮೊರಿಗೂ ಚಿಪ್‌ಗೂ ನಡುವೆ ಸೆಕೆಂಡಿಗೆ ಹರಿಯಬಲ್ಲ ಡೇಟಾ ಮೊದಲನೆಯದರಲ್ಲಿ 48 ಜಿಬಿ, ಎರಡನೆಯದರಲ್ಲಿ ಬರೀ 16.8. ಗೇಮ್‌ನ ಒಂದೊಂದು ಫ್ರೇಮ್‌ಗೂ ಟೆಕ್ಸ್ಚರ್, ಅಂದರೆ ಗೋಡೆ, ನೆಲ, ಬಟ್ಟೆಯ ಮೇಲಿನ ಚಿತ್ರಗಳನ್ನು, ಈ ಮೆಮೊರಿಯಿಂದಲೇ ಓದಬೇಕು. ಬಿಡಿಸಿದ್ದನ್ನು ಅಲ್ಲೇ ಬರೆಯಬೇಕು. ಡೇಟಾ ಬರುವವರೆಗೂ ಚಿಪ್ ಸುಮ್ನೆ ಕಾಯುತ್ತಿರುತ್ತದೆ.

ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಬದಲಿಸಿದರೆ ಇದು ಸರಿಹೋಗುವುದಿಲ್ಲ. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೆಮೊರಿ ಟೈಪ್ ನೋಡಿ. ಡಿಡಿಆರ್4 ಅಂತಿದ್ದರೆ ರೆಸಲ್ಯೂಷನ್ 720ಪಿಗೆ ಇಳಿಸಿ ಆಡಿ. ವಾಪಸ್ ಕೊಡುವ ಅವಕಾಶ ಇನ್ನೂ ಇದ್ದರೆ ಅದೇ ವಾಸಿ.